ಆಫ್‌ಸೆಟ್ಟನ್ನ ಬರೆದಿಡಬೇಡಿ, ಕೇಳಿ ತಗೊಳ್ಳಿ

ಯಾರದ್ದಾದ್ರೂ ಕೋಡ್ ಓದ್ತಿರುವಾಗ 19800 ಅನ್ನೋ ಸಂಖ್ಯೆ ಕಂಡ್ರೆ ನಾನು ಅಲ್ಲೇ ನಿಂತ್ಕೋತೀನಿ. ಐದೂವರೆ ಗಂಟೆಗೆ ಎಷ್ಟು ಸೆಕೆಂಡೋ ಅಷ್ಟು ಅದು. ಯುಟಿಸಿ ಟೈಮನ್ನ, ಅಂದ್ರೆ ಇಡೀ ಜಗತ್ತು ಅಳತೆಗೋಲಾಗಿ ಇಟ್ಕೊಂಡಿರೋ ಟೈಮನ್ನ, ಭಾರತದ ಟೈಮಿಗೆ ತರೋಕೆ ಯಾರೋ ನೇರವಾಗಿ ಕೂಡಿಸಿಬಿಟ್ಟಿರ್ತಾರೆ, ಟೆಸ್ಟೂ ಪಾಸಾಗಿರತ್ತೆ, ಪ್ರೊಡಕ್ಷನ್ನಲ್ಲಿ ವರ್ಷಗಟ್ಟಲೆ ಏನೂ ತೊಂದರೆ ಕೊಟ್ಟಿರಲ್ಲ. ಹಾಗಾಗಿ ಅದನ್ನ ತೆಗೆಸೋದೇ ಕಷ್ಟ. ಚೆನ್ನಾಗಿ ಓಡ್ತಿರೋದನ್ನ ಯಾಕೆ ಮುಟ್ಟಬೇಕು ಅಂತ ಕೇಳ್ತಾರೆ, ಕೇಳೋದು ನ್ಯಾಯವೇ. ಆದ್ರೆ ಸ್ವಲ್ಪ ದಿನ ಕಳೆದ ಮೇಲೆ ಅದೇ ಫೈಲಲ್ಲಿ ನ್ಯೂಯಾರ್ಕಿಗೆ ಅಂತ ಮೈನಸ್ 18000 ಬಂದು ಕೂರತ್ತೆ, ಅದು ಚಳಿಗಾಲದಲ್ಲಿ ಮಾತ್ರ ಸರಿ, ಬೇಸಿಗೆಯಲ್ಲಿ ಅಲ್ಲಿ ಗಡಿಯಾರವನ್ನ ಒಂದು ಗಂಟೆ ಮುಂದೆ ಮಾಡ್ತಾರೆ, ಡೇಲೈಟ್ ಸೇವಿಂಗ್ ಅಂತಾರೆ, ಆಗ ಮೈನಸ್ 14400 ಆಗಬೇಕು, ಆಮೇಲೆ ಯಾರೋ ಒಬ್ಬರು ಮಾರ್ಚ್ ತಿಂಗಳಿಗೆ ಒಂದು ಇಫ್ ಹಾಕ್ತಾರೆ, ನವೆಂಬರಿಗೆ ಇನ್ನೊಂದು, ಅಲ್ಲಿಂದ ಆ ಫೈಲನ್ನ ಯಾರೂ ಧೈರ್ಯವಾಗಿ ಮುಟ್ಟೋ ಹಾಗಿರಲ್ಲ.

ನಾನು ಈ ವಿಷಯದಲ್ಲಿ ಹಠ ಹಿಡಿಯೋದು ಒಂದೇ ಕಾರಣಕ್ಕೆ. ಆಫ್‌ಸೆಟ್, ಅಂದ್ರೆ ಯುಟಿಸಿಗೂ ಒಂದು ಊರಿನ ಗಡಿಯಾರಕ್ಕೂ ಇರೋ ಅಂತರ, ಒಂದು ಜಾಗಕ್ಕೆ ಕಾಯಂ ಆಗಿ ಅಂಟ್ಕೊಂಡಿರೋ ಸಂಖ್ಯೆ ಅಂತ ನಾವು ಅಂದ್ಕೊಂಡಿರ್ತೀವಿ. ನಿಜಕ್ಕೂ ಅದೊಂದು ಉತ್ತರ. ಇಂಥ ಜಾಗದಲ್ಲಿ ಇಂಥ ಕ್ಷಣದಲ್ಲಿ ಗೋಡೆ ಗಡಿಯಾರ ಯುಟಿಸಿಯಿಂದ ಎಷ್ಟು ದೂರ ಇತ್ತು ಅಂತ ಕೇಳಿದಾಗ ಸಿಗೋ ಉತ್ತರ. ಪ್ರಶ್ನೆಯಲ್ಲಿ ಜಾಗ, ಕ್ಷಣ ಎರಡೂ ಇರಬೇಕು. ಕ್ಷಣವನ್ನ ಬಿಟ್ಟು ಬರೀ ಜಾಗ ಹೇಳಿ ಆಫ್‌ಸೆಟ್ ಎಷ್ಟು ಅಂತ ಕೇಳಿದ್ರೆ ಆ ಪ್ರಶ್ನೆಗೆ ಉತ್ತರವೇ ಇಲ್ಲ, ಇದ್ದ ಹಾಗೆ ಕಾಣತ್ತೆ ಅಷ್ಟೇ.

ಭಾರತಕ್ಕೂ ಇದು ನಿಜ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ಇಲ್ಲಿನ ಗಡಿಯಾರ ಒಂದು ಗಂಟೆ ಮುಂದೆ ಓಡ್ತಿತ್ತು, ಆಫ್‌ಸೆಟ್ +06:30. ಅಂದ್ರೆ 1943ರ ಒಂದು ದಾಖಲೆಯ ಟೈಮನ್ನ 19800 ಹಾಕಿ ಬದಲಿಸಿದ್ರೆ ಒಂದು ಗಂಟೆ ತಪ್ಪು ಬರತ್ತೆ. 1943ರ ಟೈಮ್ ಯಾರಿಗೆ ಬೇಕು ಅನ್ನಬಹುದು. ಹಳೇ ಹವಾಮಾನ ದಾಖಲೆ ಡಿಜಿಟೈಸ್ ಮಾಡೋರಿಗೆ ಬೇಕು, ಹುಟ್ಟಿದ ಹೊತ್ತನ್ನ ತಗೊಂಡು ಲೆಕ್ಕ ಹಾಕೋ ಸಾಫ್ಟ್‌ವೇರಿಗೆ ಬೇಕು. ಲೆಕ್ಕ ತಪ್ಪಿದ್ರೂ ಅಲ್ಲಿ ಯಾವ ಎರರ್ ಮೆಸೇಜೂ ಬರಲ್ಲ.

ಈ ಪ್ರಶ್ನೆಗೆ ಉತ್ತರ ಕೊಡೋ ಒಂದು ಜಾಗ ನಮಗೆಲ್ಲ ಇದೆ, ಅದರ ಮೇಲೆ ನಂಗೆ ತುಂಬಾ ಗೌರವ. ಟೈಮ್ ಝೋನ್ ಡೇಟಾಬೇಸ್, ಟಿಝಡ್‌ಡಿಬಿ ಅಂತಾರೆ. ಆರ್ಥರ್ ಡೇವಿಡ್ ಓಲ್ಸನ್ 1980ರ ದಶಕದಲ್ಲಿ ಶುರುಮಾಡಿದ್ದು, ಈಗ ಪಾಲ್ ಎಗರ್ಟ್ ನೋಡ್ಕೋತಾರೆ, 2011ರಿಂದ ಇಂಟರ್ನೆಟ್ಟಿನ ಹೆಸರು, ಸಂಖ್ಯೆಗಳನ್ನ ನೋಡ್ಕೊಳ್ಳೋ ಐಆನಾ ಸಂಸ್ಥೆ ಅದನ್ನ ಹೋಸ್ಟ್ ಮಾಡ್ತಿದೆ. ಫೋನು, ಸರ್ವರು, ಡೇಟಾಬೇಸು, ಹೆಚ್ಚುಕಮ್ಮಿ ಎಲ್ಲದರ ಒಳಗೂ ಇದರ ಒಂದು ಕಾಪಿ ಕೂತಿರತ್ತೆ. ತೆಗೆದು ನೋಡಿದ್ರೆ ಮಾಮೂಲಿ ಟೆಕ್ಸ್ಟ್ ಫೈಲುಗಳು, ಸಾಲುಗಳ ಮಧ್ಯೆ ಉದ್ದುದ್ದ ಕಾಮೆಂಟುಗಳು, ಯಾವ ದೇಶ ಯಾವಾಗ ಯಾಕೆ ಗಡಿಯಾರ ಬದಲಿಸ್ತು ಅಂತ ಮೂಲ ಸಮೇತ ಬರೆದಿರ್ತಾರೆ. ಏಷ್ಯಾ/ಕೋಲ್ಕತಾ, ಅಮೆರಿಕಾ/ನ್ಯೂಯಾರ್ಕ್ ಅನ್ನೋ ಥರದ ಹೆಸರುಗಳು ಬಂದಿರೋದು ಅಲ್ಲಿಂದಾನೇ. ಅಂಥ ಒಂದು ಹೆಸರಿನ ಹಿಂದೆ ಒಂದು ಪೂರ್ತಿ ಇತಿಹಾಸ ಇರತ್ತೆ. ಲೈಬೀರಿಯಾ 1972ರ ಜನವರಿವರೆಗೆ ಗ್ರೀನಿಚ್‌ಗಿಂತ 44 ನಿಮಿಷ 30 ಸೆಕೆಂಡ್ ಹಿಂದಿತ್ತು. ನೇಪಾಳ 1986ರಿಂದ +05:45. ಆಸ್ಟ್ರೇಲಿಯಾದ ಲಾರ್ಡ್ ಹೋವ್ ದ್ವೀಪದಲ್ಲಿ ಬೇಸಿಗೆ ಬಂದ್ರೆ ಗಡಿಯಾರ ಅರ್ಧ ಗಂಟೆ ಮಾತ್ರ ಮುಂದೆ ಹೋಗತ್ತೆ. ಸಮೋವಾ 2011ರ ಡಿಸೆಂಬರ್ 30ನೇ ತಾರೀಖನ್ನೇ ಹಾರಿಸಿಬಿಡ್ತು, 29ರ ಮಧ್ಯರಾತ್ರಿ ಆದ ತಕ್ಷಣ 31. ಉತ್ತರ ಕೊರಿಯಾ 2015ರಲ್ಲಿ +08:30ಕ್ಕೆ ಹೋಗಿ 2018ರಲ್ಲಿ +09:00ಗೆ ವಾಪಸ್ ಬಂತು. ಇದನ್ನೆಲ್ಲ ಇಫ್‌ಗಳಲ್ಲಿ ಬರೀತೀನಿ ಅಂತ ಹೊರಡೋರಿಗೆ ನಾನು ಆ ಫೈಲುಗಳನ್ನ ಒಂದ್ಸಲ ಕೂತು ಓದಿ ಅಂತೀನಿ. ಓದಿದ್ಮೇಲೆ ಯಾರೂ ಬರೆಯಲ್ಲ.

ಈಗ ನಿಜವಾಗ್ಲೂ ತಲೆ ತಿನ್ನೋ ಭಾಗಕ್ಕೆ ಬರ್ತೀನಿ. ಯುಟಿಸಿಯಿಂದ ಲೋಕಲ್ ಟೈಮಿಗೆ ಹೋಗೋದು ಸುಲಭ, ಕ್ಷಣ ಗೊತ್ತಿದೆ, ಝೋನ್ ಗೊತ್ತಿದೆ, ಆಫ್‌ಸೆಟ್ ಕೇಳ್ತೀವಿ, ಕೂಡಿಸ್ತೀವಿ, ಮುಗೀತು, ಯಾವಾಗ್ಲೂ ಒಂದೇ ಉತ್ತರ. ವಾಪಸ್ ಬರೋ ದಾರಿ ಹಾಗಿಲ್ಲ. ಲೋಕಲ್ ಟೈಮಿಂದ ಯುಟಿಸಿಗೆ ಹೋಗಬೇಕಾದ್ರೆ ಆಫ್‌ಸೆಟ್ ಬೇಕು, ಆಫ್‌ಸೆಟ್ ಬೇಕಾದ್ರೆ ಕ್ಷಣ ಗೊತ್ತಿರಬೇಕು, ಆದ್ರೆ ಕ್ಷಣ ಯಾವುದು ಅಂತ ಕಂಡುಹಿಡಿಯೋಕೇ ತಾನೆ ನಾವು ಹೊರಟಿರೋದು. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅನ್ನೋ ಕಥೆ. ಇದಕ್ಕೆ ಲೈಬ್ರರಿಗಳು ಮಾಡೋ ಕೆಲಸ ಏನಂದ್ರೆ, ಆ ದಿನದ ಆಸುಪಾಸಲ್ಲಿ ಆ ಝೋನಲ್ಲಿ ಯಾವ್ಯಾವ ಆಫ್‌ಸೆಟ್ ಇರೋಕೆ ಸಾಧ್ಯ ಅಂತ ನೋಡಿ ಒಂದೊಂದನ್ನೂ ಕಳೆದು ನೋಡೋದು, ಬಂದ ಕ್ಷಣದಲ್ಲಿ ನಿಜವಾಗ್ಲೂ ಅದೇ ಆಫ್‌ಸೆಟ್ ಇತ್ತಾ ಅಂತ ಮತ್ತೆ ತಾಳೆ ಹಾಕೋದು.

ಒಂದು ಉದಾಹರಣೆನ ಕೈಯಲ್ಲೇ ಮಾಡಿ ನೋಡಿ, ಪೆನ್ನು ಪೇಪರ್ ಸಾಕು. ನ್ಯೂಯಾರ್ಕಲ್ಲಿ 2025ರ ನವೆಂಬರ್ 2, ಬೆಳಗಿನ ಜಾವ 1:30. ಅವತ್ತು ಗಡಿಯಾರ ಎರಡು ಗಂಟೆಗೆ ಒಂದು ಗಂಟೆ ಹಿಂದೆ ಹೋಗತ್ತೆ. ಸಾಧ್ಯ ಇರೋ ಆಫ್‌ಸೆಟ್ ಎರಡು, -04:00 ಮತ್ತು -05:00. ಮೊದಲನೆಯದನ್ನ ಹಾಕಿದ್ರೆ ಯುಟಿಸಿ 05:30 ಬರತ್ತೆ. ಗಡಿಯಾರ ಬದಲಾಗೋದು ಯುಟಿಸಿ 06:00ಕ್ಕೆ, ಹಾಗಾಗಿ 05:30ಕ್ಕೆ ಇನ್ನೂ -04:00 ಇತ್ತು, ತಾಳೆ ಆಯ್ತು. ಎರಡನೆಯದನ್ನ ಹಾಕಿದ್ರೆ 06:30, ಆಗ -05:00 ಬಂದಾಗಿತ್ತು, ಅದೂ ತಾಳೆ ಆಯ್ತು. ಎರಡೂ ಸರಿ. ಒಂದೇ ಲೋಕಲ್ ಟೈಮಿಗೆ ಎರಡು ಬೇರೆ ಬೇರೆ ಕ್ಷಣ. ಈಗ ಅದೇ ವರ್ಷದ ಮಾರ್ಚ್ 9, ಜಾವ 2:30 ತಗೊಳ್ಳಿ, ಅವತ್ತು ಎರಡು ಗಂಟೆಯಿಂದ ಸೀದಾ ಮೂರಕ್ಕೆ ಹಾರತ್ತೆ, ಯುಟಿಸಿಯಲ್ಲಿ ಅದು 07:00. -05:00 ಹಾಕಿದ್ರೆ 07:30 ಬರತ್ತೆ, ಆದ್ರೆ ಆಗಲೇ -04:00 ಶುರುವಾಗಿತ್ತು, ತಾಳೆ ಇಲ್ಲ. -04:00 ಹಾಕಿದ್ರೆ 06:30, ಆಗ ಇನ್ನೂ -05:00 ಇತ್ತು, ಅದೂ ತಾಳೆ ಇಲ್ಲ. ಎರಡೂ ತಪ್ಪು, ಯಾಕಂದ್ರೆ ಅಂಥದ್ದೊಂದು 2:30 ಅವತ್ತು ಅಲ್ಲಿ ಬರಲೇ ಇಲ್ಲ.

ಇಷ್ಟು ಮಾಡಿ ನೋಡಿದೋರಿಗೆ ಲೈಬ್ರರಿ ಡಾಕ್ಯುಮೆಂಟೇಶನ್ನಲ್ಲಿರೋ ವಿಚಿತ್ರ ಪ್ಯಾರಾಮೀಟರುಗಳೆಲ್ಲ ಯಾಕಿವೆ ಅಂತ ತಾನಾಗೇ ಅರ್ಥ ಆಗತ್ತೆ. ಪೈಥಾನಲ್ಲಿ ಫೋಲ್ಡ್ ಅಂತ ಒಂದು ಇದೆ, 3.6ರಲ್ಲಿ ಬಂದಿದ್ದು, ಸೊನ್ನೆ ಇದ್ರೆ ಮೊದಲನೇ 1:30, ಒಂದಿದ್ರೆ ಎರಡನೇದು. ಜಾವಾದ ಝೋನ್ಡ್‌ಡೇಟ್‌ಟೈಮ್ ತಾನೇ ತೀರ್ಮಾನ ಮಾಡಿಬಿಡತ್ತೆ, ಎರಡು ಸಲ ಬಂದ್ರೆ ಮೊದಲಿಂದು, ಬರಲೇ ಇಲ್ಲ ಅಂದ್ರೆ ಮುಂದಕ್ಕೆ ತಳ್ಳಿ 3:30 ಮಾಡತ್ತೆ. ಜಾವಾಸ್ಕ್ರಿಪ್ಟಿನ ಹೊಸ ಟೆಂಪೊರಲ್‌ನಲ್ಲಿ ನಾವೇ ಹೇಳಬಹುದು, ಮೊದಲಿಂದು ಕೊಡು, ಆಮೇಲಿಂದು ಕೊಡು, ಇಲ್ಲಾ ಎರರ್ ಎಸಿ ಅಂತ. ನಂಗೆ ಇಷ್ಟ ಆಗೋದು ಈ ಕೊನೇದು. ರಾತ್ರಿ ಪಾಳಿಯವರ ಕೆಲಸದ ಗಂಟೆ ಲೆಕ್ಕ ಹಾಕೋ ಪ್ರೋಗ್ರಾಮ್ ಆ ಒಂದು ರಾತ್ರಿ ಸುಮ್ಮನೆ ಏನೋ ಒಂದನ್ನ ಆರಿಸ್ಕೊಂಡ್ರೆ ಯಾರದ್ದೋ ಒಂದು ಗಂಟೆಯ ಸಂಬಳ ಹೋಗತ್ತೆ. ಅದು ಯಾರ ಕಣ್ಣಿಗೂ ಬೀಳದೆ ಹೋಗೋದಕ್ಕಿಂತ ಪ್ರೋಗ್ರಾಮ್ ನಿಂತು ಕೇಳೋದು ಎಷ್ಟೋ ಮೇಲು.

ಟೈಮ್ ತಪ್ಪು ತೋರಿಸ್ತಿದೆ ಅಂತ ಬಗ್ ಬಂದಾಗ ನಾನು ಕೋಡ್ ತೆಗೆಯೋಕೆ ಮುಂಚೆ ಎಷ್ಟು ತಪ್ಪು ಅಂತ ಕೇಳ್ತೀನಿ. ನಿಮಿಷ ಸಮೇತ ಬೇಕು. ಆ ಒಂದು ಸಂಖ್ಯೆಯಲ್ಲೇ ಅರ್ಧ ಉತ್ತರ ಇರತ್ತೆ. ಭಾರತದ ಟೈಮಿಗೆ ಸರಿಯಾಗಿ ಐದೂವರೆ ಗಂಟೆ ವ್ಯತ್ಯಾಸ ಇದ್ರೆ ಎಲ್ಲೋ ಒಂದು ಕಡೆ ಕನ್ವರ್ಟ್ ಮಾಡೋದು ಬಿಟ್ಟುಹೋಗಿದೆ ಅಥವಾ ಎರಡು ಸಲ ಮಾಡಿದ್ದಾರೆ, ಹಿಂದಿದ್ಯಾ ಮುಂದಿದ್ಯಾ ನೋಡಿದ್ರೆ ಅದೂ ಗೊತ್ತಾಗತ್ತೆ. ಹನ್ನೊಂದು ಗಂಟೆ ವ್ಯತ್ಯಾಸ ಇದ್ರೆ ಪ್ಲಸ್ ಮೈನಸ್ ಅದಲು ಬದಲಾಗಿದೆ, ಐದೂವರೆಯ ಎರಡರಷ್ಟು ಹನ್ನೊಂದು. ಇದು ಸಿಕ್ಕಾಪಟ್ಟೆ ಆಗತ್ತೆ, ಆಗೋದಕ್ಕೆ ಕಾರಣಾನೂ ಇದೆ. ಜಾವಾಸ್ಕ್ರಿಪ್ಟಿನ ಗೆಟ್‌ಟೈಮ್‌ಝೋನ್‌ಆಫ್‌ಸೆಟ್ ಭಾರತದಲ್ಲಿ -330 ಅನ್ನತ್ತೆ, ಲೋಕಲ್ ಟೈಮಿಂದ ಯುಟಿಸಿಗೆ ಹೋಗೋಕೆ ಎಷ್ಟು ನಿಮಿಷ ಕೂಡಿಸಬೇಕು ಅನ್ನೋ ಅರ್ಥದಲ್ಲಿ. ಯುನಿಕ್ಸ್ ಥರದ ಸಿಸ್ಟಮ್ಮುಗಳ ಪಾಸಿಕ್ಸ್ ಮಾನದಂಡದ ಶೈಲಿಯ ಹೆಸರುಗಳೂ ಹಾಗೇ, ಇಟಿಸಿ/ಜಿಎಮ್‌ಟಿ+5 ಅಂದ್ರೆ ಯುಟಿಸಿಗಿಂತ ಐದು ಗಂಟೆ ಹಿಂದೆ. ತಾರೀಖು, ಟೈಮ್ ಬರೆಯೋ ಅಂತರರಾಷ್ಟ್ರೀಯ ಮಾನದಂಡ ಐಎಸ್ಓ 8601ರಲ್ಲಿ ಮಾತ್ರ +05:30 ಅಂದ್ರೆ ಐದೂವರೆ ಗಂಟೆ ಮುಂದೆ. ಎರಡು ಪದ್ಧತಿಗಳೂ ಒಂದೇ ಪ್ರೋಗ್ರಾಮಿನೊಳಗೆ ಅಕ್ಕಪಕ್ಕ ಬದುಕ್ತಿರ್ತವೆ.

ಇಪ್ಪತ್ಮೂರು ನಿಮಿಷ ತಪ್ಪಿದ್ರೆ ಅದರ ಕಥೆ ಇನ್ನೂ ಚೆನ್ನಾಗಿದೆ. ಟಿಝಡ್‌ಡಿಬಿಯಲ್ಲಿ ಕೋಲ್ಕತಾದ ಮೊದಲನೇ ಸಾಲು ಸ್ಟ್ಯಾಂಡರ್ಡ್ ಟೈಮ್ ಬರೋಕೆ ಮುಂಚಿನ ಸೂರ್ಯನ ಲೆಕ್ಕದ್ದು, 5 ಗಂಟೆ 53 ನಿಮಿಷ 28 ಸೆಕೆಂಡ್. ಪೈಥಾನಿನ ಹಳೇ ಪೈಟಿಝಡ್ ಲೈಬ್ರರಿಯ ಝೋನನ್ನ ನೇರವಾಗಿ ಡೇಟ್‌ಟೈಮ್ ಒಳಗೆ ಕೊಟ್ರೆ ಅದು ಯಾವ ಕ್ಷಣ ಅಂತ ನೋಡದೆ ಆ ಮೊದಲನೇ ಸಾಲನ್ನೇ ಎತ್ಕೊಂಡು +05:53 ಹಾಕತ್ತೆ. ಲೋಕಲೈಝ್ ಅನ್ನೋ ಫಂಕ್ಷನ್ ಮೂಲಕಾನೇ ಕೊಡಬೇಕಿತ್ತು. 3.9ರಿಂದ ಪೈಥಾನಲ್ಲೇ ಝೋನ್‌ಇನ್ಫೋ ಇದೆ, ಅದರಲ್ಲಿ ಈ ಕಾಟ ಇಲ್ಲ, ಹೊಸದಾಗಿ ಬರೆಯೋರು ಅದನ್ನೇ ಬಳಸಿ.

ಒಂದು ಗಂಟೆ ತಪ್ಪು ಅಂದ ತಕ್ಷಣ ಎಲ್ಲರೂ ಡೇಲೈಟ್ ಸೇವಿಂಗ್ ಅಂತಾರೆ. ಮುಕ್ಕಾಲು ಪಾಲು ಹೌದು. ಆದ್ರೆ ಒಂದು ಕಳ್ಳ ಬಗ್ ಇದೇ ವೇಷದಲ್ಲಿ ಬರತ್ತೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಚಳಿಗಾಲದಲ್ಲಿ -03:30. ಈ ಸ್ಟ್ರಿಂಗನ್ನ ಕೋಲನ್ ಹತ್ರ ಮುರಿದು -3 ಗಂಟೆ ತಗೊಂಡು ಅದಕ್ಕೆ 30 ನಿಮಿಷ ಕೂಡಿಸಿದ್ರೆ ಬರೋದು -02:30. ಮೈನಸ್ ಗಂಟೆಗೆ ಮಾತ್ರ ಹತ್ತಿ ನಿಮಿಷಕ್ಕೆ ಹತ್ತಲಿಲ್ಲ. ತಪ್ಪು ಸರಿಯಾಗಿ ಒಂದು ಗಂಟೆ, ಜೊತೆಗೆ -02:30 ಅನ್ನೋದು ನ್ಯೂಫೌಂಡ್‌ಲ್ಯಾಂಡಿನ ನಿಜವಾದ ಬೇಸಿಗೆ ಆಫ್‌ಸೆಟ್, ನೋಡಿದೋರಿಗೆ ಸಂಶಯವೇ ಬರಲ್ಲ, ಡೇಲೈಟ್ ಸೇವಿಂಗ್ ಕೋಡನ್ನ ಅಗೀತಾ ಕೂರ್ತಾರೆ. ಪ್ಲಸ್ ಇರೋ ಕಡೆಗಳಲ್ಲಿ ಈ ಬಗ್ ಕಾಣಿಸೋದೇ ಇಲ್ಲ, +05:30 ಹಾಕಿ ಟೆಸ್ಟ್ ಮಾಡಿದ್ರೆ ಪಾಸ್, -05:00 ಹಾಕಿದ್ರೂ ಪಾಸ್. ಮೈನಸ್ಸೂ ಇರಬೇಕು, ನಿಮಿಷಾನೂ ಇರಬೇಕು, ಆಗ್ಲೇ ಸಿಕ್ಕಿಬೀಳೋದು. ಹಾಗಾಗಿ ಟೆಸ್ಟಿಗೆ ಅಂತ ನಾಲ್ಕು ಝೋನ್ ಆರಿಸಿ ಅಂದ್ರೆ ನಾನು ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್, ಕಾಠ್ಮಂಡು, ಲಾರ್ಡ್ ಹೋವ್, ಇನ್ನೊಂದು ಪೆಸಿಫಿಕ್ ಸಾಗರದ ದ್ವೀಪದೇಶ ಕಿರಿಬಾಟಿಯ ಕಿರಿಟಿಮಾಟಿ ಅಂತೀನಿ, ಕಿರಿಟಿಮಾಟಿ ಯುಟಿಸಿಗಿಂತ 14 ಗಂಟೆ ಮುಂದಿದೆ, ಆಫ್‌ಸೆಟ್ 12 ದಾಟಲ್ಲ ಅಂತ ನಂಬಿರೋ ವ್ಯಾಲಿಡೇಶನ್ ಅಲ್ಲೇ ಮುರಿದುಬೀಳತ್ತೆ.

ಒಂದು ದಿನ ತಪ್ಪು ಬಂದ್ರೆ, ಅಂದ್ರೆ ಹುಟ್ಟಿದ ತಾರೀಖು 15 ಇದ್ದಿದ್ದು 14 ಆಗಿ ಕಂಡ್ರೆ, ತಾರೀಖನ್ನ ಮಧ್ಯರಾತ್ರಿಯ ಕ್ಷಣ ಅಂತ ಸೇವ್ ಮಾಡಿದ್ದಾರೆ ಅಂತ ಕಣ್ಣುಮುಚ್ಚಿ ಹೇಳಬಹುದು. ಜಾವಾಸ್ಕ್ರಿಪ್ಟಲ್ಲಿ ಬರೀ ತಾರೀಖಿನ ಸ್ಟ್ರಿಂಗ್ ಕೊಟ್ರೆ ಯುಟಿಸಿ ಮಧ್ಯರಾತ್ರಿ ಅಂದ್ಕೊಳ್ಳತ್ತೆ, ಅದೇ ತಾರೀಖಿಗೆ ಗಂಟೆ ನಿಮಿಷ ಸೇರಿಸಿ ಕೊಟ್ರೆ ಲೋಕಲ್ ಅಂದ್ಕೊಳ್ಳತ್ತೆ. ಅಮೆರಿಕ ಖಂಡದಲ್ಲಿ ಕೂತು ನೋಡೋರಿಗೆ ಯುಟಿಸಿ ಮಧ್ಯರಾತ್ರಿ ಅಂದ್ರೆ ಹಿಂದಿನ ದಿನದ ಸಂಜೆಯೋ ರಾತ್ರಿಯೋ. ಹುಟ್ಟಿದ ತಾರೀಖಿಗೆ ಝೋನ್ ಇಲ್ಲ, ಅದನ್ನ ಕನ್ವರ್ಟೇ ಮಾಡಬಾರದು, ತಾರೀಖಾಗೇ ಇಡಬೇಕು. ಲೋಕಲ್ ಮಧ್ಯರಾತ್ರಿ ಅಂತ ಇಟ್ರೆ ಸರಿಹೋಗತ್ತಾ ಅಂದ್ರೆ ಅದೂ ಇಲ್ಲ. ಬ್ರೆಜಿಲ್ 2019ರಲ್ಲಿ ಡೇಲೈಟ್ ಸೇವಿಂಗ್ ಕೈಬಿಡೋ ತನಕ ಅಲ್ಲಿ ಗಡಿಯಾರ ಮುಂದೆ ಹೋಗ್ತಿದ್ದಿದ್ದೇ ಮಧ್ಯರಾತ್ರಿಗೆ, ಸಾವೊ ಪಾಲೊದಲ್ಲಿ ವರ್ಷಕ್ಕೊಂದು ದಿನ ಶುರುವಾಗ್ತಿದ್ದಿದ್ದು ಒಂದು ಗಂಟೆಗೆ.

ಎಲ್ಲಾನೂ ಯುಟಿಸಿಯಲ್ಲಿ ಇಡಿ, ತೋರಿಸುವಾಗ ಮಾತ್ರ ಬದಲಿಸಿ ಅನ್ನೋ ಸಲಹೆ ಎಲ್ಲ ಕಡೆ ಸಿಗತ್ತೆ. ಆಗಿಹೋದ ವಿಷಯಗಳಿಗೆ ಅದು ಬಂಗಾರದಂಥ ಸಲಹೆ, ಲಾಗು, ಪೇಮೆಂಟು, ಮೆಸೇಜು, ಎಲ್ಲದಕ್ಕೂ ಯುಟಿಸಿ ಹಾಕಿ. ಮುಂದೆ ಆಗೋ ವಿಷಯಕ್ಕೆ ಅದು ಸಾಲಲ್ಲ. ಮೆಕ್ಸಿಕೊ ಸಿಟಿಯಲ್ಲಿ ಒಬ್ಬರು 2022ರ ಸೆಪ್ಟೆಂಬರಲ್ಲಿ ಕೂತು ಮುಂದಿನ ವರ್ಷ ಮೇ ತಿಂಗಳಿಗೆ ಡಾಕ್ಟರ್ ಹತ್ರ ಬೆಳಗ್ಗೆ ಹತ್ತಕ್ಕೆ ಅಪಾಯಿಂಟ್‌ಮೆಂಟ್ ತಗೊಂಡ್ರು ಅಂದ್ಕೊಳ್ಳಿ. ಆಗಿನ ನಿಯಮದ ಪ್ರಕಾರ ಮೇನಲ್ಲಿ -05:00, ಹಾಗಾಗಿ ಡೇಟಾಬೇಸಲ್ಲಿ ಯುಟಿಸಿ 15:00 ಅಂತ ಕೂತಿತು. ಅಕ್ಟೋಬರಲ್ಲಿ ಮೆಕ್ಸಿಕೊ ಡೇಲೈಟ್ ಸೇವಿಂಗನ್ನೇ ರದ್ದು ಮಾಡ್ತು. ಸರ್ವರಿಗೆ ಹೊಸ ಟಿಝಡ್‌ಡಿಬಿ ಬಂತು, ಎಲ್ಲ ಅಪ್‌ಡೇಟ್ ಸರಿಯಾಗೇ ಆಯ್ತು, ಈಗ 15:00ನ್ನ -06:00ಯಲ್ಲಿ ತೋರಿಸಿದ್ರೆ ಒಂಬತ್ತು ಗಂಟೆ. ಡಾಕ್ಟರ್ ಹತ್ತಕ್ಕೇ ಬರ್ತಾರೆ. ಇಲ್ಲಿ ಕೋಡಲ್ಲಿ ಒಂದು ಸಾಲೂ ತಪ್ಪಿಲ್ಲ, ಇಟ್ಟಿದ್ದೇ ತಪ್ಪು ಸಂಗತಿ. ಆ ಮನುಷ್ಯ ಹೇಳಿದ್ದು ಹತ್ತು ಗಂಟೆ, ಮೆಕ್ಸಿಕೊ ಸಿಟಿ ಗಡಿಯಾರದಲ್ಲಿ, ಅಷ್ಟೇ, ಅದನ್ನೇ ಇಡಬೇಕಿತ್ತು, ಲೋಕಲ್ ಟೈಮು ಮತ್ತು ಝೋನಿನ ಹೆಸರು ಎರಡನ್ನೂ. ಯುಟಿಸಿ ಬೇಕಿದ್ರೆ ಪಕ್ಕದ ಕಾಲಮಲ್ಲಿ ಇಡಿ, ಹುಡುಕೋಕೆ ವಿಂಗಡಿಸೋಕೆ ಅನುಕೂಲ, ಟಿಝಡ್‌ಡಿಬಿ ಬದಲಾದಾಗ ಅದನ್ನ ಮತ್ತೆ ಲೆಕ್ಕ ಹಾಕೊಳ್ಳಿ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸೋರಿಗೆ ಒಂದು ಮಾತು, ಟೈಮ್‌ಸ್ಟ್ಯಾಂಪ್ ವಿತ್ ಟೈಮ್ ಝೋನ್ ಅಂತ ಹೆಸರಿದ್ರೂ ಆ ಕಾಲಮ್ ಝೋನನ್ನ ಇಟ್ಕೊಳ್ಳಲ್ಲ, ಯುಟಿಸಿಗೆ ಬದಲಿಸಿ ಝೋನನ್ನ ಬಿಟ್ಟುಬಿಡತ್ತೆ, ಹೆಸರಿಗೆ ಬೇರೆ ಕಾಲಮ್ ಮಾಡ್ಕೊಳ್ಳಲೇಬೇಕು.

ನಿಯಮಗಳು ಎಷ್ಟು ಬೇಗ ಬದಲಾಗ್ತವೆ ಅಂತ ಯಾರಾದ್ರೂ ಕೇಳಿದ್ರೆ ನಾನು ಹೇಳೋದು ಲೆಬನಾನಿನ 2023ರ ಮಾರ್ಚ್. 25ರ ರಾತ್ರಿ ಗಡಿಯಾರ ಮುಂದೆ ಹೋಗಬೇಕಿತ್ತು. ಇನ್ನೇನು ಕೆಲವೇ ದಿನ ಇದೆ ಅನ್ನುವಾಗ ಸರ್ಕಾರ ರಂಜಾನ್ ಮುಗಿಯೋ ತನಕ ಅದನ್ನ ಮುಂದಕ್ಕೆ ಹಾಕ್ತು. ಟಿಝಡ್‌ಡಿಬಿಯವರು ಓಡಿಬಂದು 2023ಬಿ ಅಂತ ರಿಲೀಸ್ ಮಾಡಿದ್ರು. ಆದ್ರೆ ಚರ್ಚುಗಳು, ಕೆಲವು ಟಿವಿ ಚಾನೆಲ್ಲುಗಳು, ಶಾಲೆಗಳು ಸರ್ಕಾರದ ಮಾತು ಒಪ್ಪದೆ ಗಡಿಯಾರ ಮುಂದೆ ಮಾಡ್ಕೊಂಡವು, ಒಂದೇ ಊರಲ್ಲಿ ಎರಡು ಟೈಮು, ಜನರ ಫೋನುಗಳೂ ಒಂದೊಂದು ಒಂದೊಂದು ಥರ. ಗಲಾಟೆ ಜೋರಾಗಿ ಸರ್ಕಾರ ನಿರ್ಧಾರ ವಾಪಸ್ ತಗೊಂಡು 29ರ ರಾತ್ರಿ ಗಡಿಯಾರ ಮುಂದೆ ಮಾಡ್ತು. ವಾಪಸ್ ತಗೊಂಡ ಸುದ್ದಿ ಬಂದ್ಮೇಲೆ ಮಾಡಿದ 2023ಸಿ ರಿಲೀಸಲ್ಲಿ ಆ ಬದಲಾವಣೆಯನ್ನ ತೆಗೆದು ಹಳೇ ಡೇಟಾನೇ ವಾಪಸ್ ಹಾಕಿದ್ರು. ಆ ನಾಲ್ಕೈದು ದಿನ ಬೈರೂತಿನ ಆಫ್‌ಸೆಟ್ ಎಷ್ಟಿತ್ತು ಅಂದ್ರೆ ಅಲ್ಲಿದ್ದೋರೇ ಎರಡು ಉತ್ತರ ಕೊಡ್ತಾರೆ, ಡೇಟಾಬೇಸಲ್ಲಿ ಒಂದೇ ಉತ್ತರಕ್ಕೆ ಜಾಗ ಇರೋದು. ಯಾವುದೋ ಸರ್ವರ್ ಮಧ್ಯದ ರಿಲೀಸನ್ನ ಹಾಕ್ಕೊಂಡು ಅಲ್ಲೇ ನಿಂತುಬಿಟ್ಟಿದ್ರೆ ಆ ದಿನಗಳ ಮಟ್ಟಿಗೆ ಅದರ ಲೆಕ್ಕ ಇವತ್ತಿಗೂ ಉಳಿದವರಿಗಿಂತ ಬೇರೆ.

ಝೋನ್ ಹೆಸರೂ ಆಫ್‌ಸೆಟ್ಟೂ ಎರಡನ್ನೂ ಒಟ್ಟಿಗೆ ಬರೆದಿಟ್ರೆ ಒಂದು ಲಾಭ ಇದೆ, ಮುಂದೊಂದು ದಿನ ಅವೆರಡೂ ಜಗಳ ಆಡಿದ್ರೆ ನಿಯಮ ಬದಲಾಗಿದೆ ಅಂತ ಗೊತ್ತಾಗತ್ತೆ. 2024ರಲ್ಲಿ ಬಂದ ಆರ್‌ಎಫ್‌ಸಿ 9557 ಅನ್ನೋ ಇಂಟರ್ನೆಟ್ ಮಾನದಂಡದ ದಾಖಲೆ ಇದಕ್ಕೊಂದು ಬರಹದ ರೂಪ ಕೊಟ್ಟಿದೆ, ಟೈಮು, ಆಫ್‌ಸೆಟ್ಟು, ಕೊನೆಗೆ ಚೌಕ ಬ್ರಾಕೆಟ್ ಒಳಗೆ ಝೋನಿನ ಹೆಸರು. ಟೆಂಪೊರಲ್ ಇದನ್ನ ಓದುವಾಗ ಎರಡೂ ತಾಳೆ ಆಗ್ಲಿಲ್ಲ ಅಂದ್ರೆ ತಾನಾಗಿ ಎರರ್ ಎಸಿಯತ್ತೆ, ಆಫ್‌ಸೆಟ್ಟನ್ನ ನಂಬು ಅಥವಾ ಝೋನನ್ನ ನಂಬು ಅಂತ ನಾವು ಹೇಳಿದ್ರೆ ಹಾಗೆ ಮಾಡತ್ತೆ. ಯಾವುದನ್ನ ನಂಬಬೇಕು ಅನ್ನೋದು ಪ್ರೋಗ್ರಾಮರ್ ಒಬ್ಬರೇ ಕೂತು ತೀರ್ಮಾನಿಸೋ ವಿಷಯ ಅಲ್ಲ ಅಂತ ನನ್ನ ಅಭಿಪ್ರಾಯ. ಗ್ರಹಣಕ್ಕೆ ರಿಮೈಂಡರ್ ಇಟ್ಟಿದ್ರೆ ಯಾವ ಸರ್ಕಾರ ಏನೇ ಮಾಡಿದ್ರೂ ಆ ಕ್ಷಣ ಅಲ್ಲಾಡಲ್ಲ, ಆಫ್‌ಸೆಟ್ಟನ್ನ ನಂಬಬೇಕು. ಡಾಕ್ಟರ್ ಅಪಾಯಿಂಟ್‌ಮೆಂಟಾದ್ರೆ ಗೋಡೆ ಗಡಿಯಾರ ಹೇಳಿದ್ದೇ ಸರಿ, ಝೋನನ್ನ ನಂಬಬೇಕು. ಫೀಚರ್ ಕೇಳಿದೋರನ್ನ ಕೂರಿಸಿ, ದೇಶ ಗಡಿಯಾರ ಬದಲಿಸಿದ್ರೆ ಇದು ಗಡಿಯಾರದ ಜೊತೆ ಹೋಗಬೇಕಾ ಇದ್ದಲ್ಲೇ ಇರಬೇಕಾ ಅಂತ ನೇರವಾಗಿ ಕೇಳೋದು ಒಳ್ಳೇದು.

ಎರಡು ದೇಶದೋರು ಸೇರೋ ವಾರದ ಮೀಟಿಂಗಿಗೆ ಮಾತ್ರ ಈ ಪ್ರಶ್ನೆಗೂ ಸುಲಭದ ಉತ್ತರ ಇಲ್ಲ. ನ್ಯೂಯಾರ್ಕಿಗೂ ಲಂಡನ್ನಿಗೂ ಸಾಮಾನ್ಯವಾಗಿ ಐದು ಗಂಟೆ ಅಂತರ, ಆದ್ರೆ ಅಮೆರಿಕ ಮಾರ್ಚಿನ ಎರಡನೇ ಭಾನುವಾರ ಬದಲಿಸತ್ತೆ, ಬ್ರಿಟನ್ ಕೊನೇ ಭಾನುವಾರ, ಹಾಗಾಗಿ 2025ರಲ್ಲಿ ಮಾರ್ಚ್ 9ರಿಂದ 30ರ ತನಕ ಅಂತರ ನಾಲ್ಕೇ ಗಂಟೆ ಇತ್ತು, ಅಕ್ಟೋಬರ್ 26ರಿಂದ ನವೆಂಬರ್ 2ರ ತನಕ ಮತ್ತೆ ಒಂದು ವಾರ ಹಾಗೇ. ನ್ಯೂಯಾರ್ಕಿನ ಹತ್ತು ಗಂಟೆ ಅಂತ ಇಟ್ರೆ ಆ ವಾರಗಳಲ್ಲಿ ಲಂಡನ್ನೋರು ಮಧ್ಯಾಹ್ನ ಮೂರರ ಬದಲು ಎರಡಕ್ಕೆ ಬರಬೇಕು, ಲಂಡನ್ನಿನ ಮೂರು ಅಂತ ಇಟ್ರೆ ನ್ಯೂಯಾರ್ಕಿನೋರಿಗೆ ಹನ್ನೊಂದಾಗತ್ತೆ, ಯುಟಿಸಿಯಲ್ಲಿ ಇಟ್ರೆ ಇಬ್ಬರಿಗೂ ವರ್ಷಕ್ಕೆ ಎರಡು ಸಲ ಬದಲಾಗತ್ತೆ. ಹಾಗಾಗಿ ಮೀಟಿಂಗ್ ಟೇಬಲ್ಲಿನಲ್ಲಿ ಯಾರ ಗಡಿಯಾರದ್ದು ಅಂತ ಹೇಳೋ ಒಂದು ಝೋನ್ ಕಾಲಮ್ ಇರಬೇಕು, ಅದು ಕರೆದವರ ಝೋನೋ ಬೇರೆಯದ್ದೋ ಅಂತ ಮೀಟಿಂಗ್ ಮಾಡುವಾಗಲೇ ಕೇಳಬೇಕು, ಇನ್ನೊಂದು ಕಡೆಯೋರಿಗೆ ಯಾವ ವಾರಗಳಲ್ಲಿ ಟೈಮ್ ಬದಲಾಗತ್ತೆ ಅಂತ ಆ ವಾರ ಬರೋಕೆ ಮುಂಚೆ ಸ್ಕ್ರೀನ್ ಮೇಲೆ ತೋರಿಸಬೇಕು. ಅದನ್ನ ಲೆಕ್ಕ ಹಾಕೋಕೆ ಬೇಕಾಗಿರೋದು ಎರಡು ಝೋನಿನ ಹೆಸರು, ಒಂದು ತಾರೀಖು ಅಷ್ಟೇ, ಉಳಿದಿದ್ದೆಲ್ಲ ಆಗ್ಲೇ ಮೆಷೀನಿನೊಳಗೆ ಕೂತಿದೆ.